ಎರಡನೆಯ ಪೆಟ್ಟಿಗೆ

ಪೆಟ್ಟಿಗೆಯ ಎಡಬದಿಯಲ್ಲಿ ಪಂಚ್ ಹೊಡೆದಿದ್ದ ಎರಡು ಇಂಗ್ಲಿಷ್ ಅಕ್ಷರಗಳು ಫೋಟೋದಲ್ಲಿ ಬೀಳದ ಹಾಗೆ ರಮ್ಯ ಆ ಬದಿಯನ್ನು ಗೋಡೆಗೆ ಒತ್ತಿದಳು. ತಾರಸಿಯ ಕೋಣೆಯಲ್ಲಿ ಬೆಳಕು ಸಾಲದು. ಬಾಗಿಲು ಪೂರ್ತಿ ತೆರೆದು, ಗಾಳಿಗೆ ಮುಚ್ಚಿಕೊಳ್ಳದಂತೆ ಒಂದು ಇಟ್ಟಿಗೆ ಇಟ್ಟಳು. ಆಮೇಲೆ ಒಳಗಿನ ಸಾಮಾನುಗಳನ್ನು ಒಂದೊಂದಾಗಿ ತೆಗೆದು ಹಳೆಯ ಟವೆಲ್ಲಿನ ಮೇಲೆ ಜೋಡಿಸಿದಳು. ಮರದ ಪುಟ್ಟ ಡಬ್ಬಿಯಲ್ಲಿ ಕೂದಲೆಳೆಯ ದಪ್ಪವನ್ನೂ ಅಳೆಯುವ ಮೈಕ್ರೋಮೀಟರು, ರೆಕ್ಸಿನ್ ಚೀಲದಲ್ಲಿ ವರ್ನಿಯರು, ಎರಡು ಡಯಲ್ ಗೇಜು, ಏಳೆಂಟು ಅರ, ಲೇತಿಗೆ ಹಾಕುವ ಬಿಟ್‌ಗಳು. ಪೆಟ್ಟಿಗೆ ಇಟ್ಟುಹೋದವನು ಒಂದೊಂದಕ್ಕೂ ಎಣ್ಣೆ ಹಚ್ಚಿ ಬನಿಯನ್ ಬಟ್ಟೆಯ ತುಂಡು ಸುತ್ತಿದ್ದ. ಎರಡು ವರ್ಷವಾದರೂ ಎಲ್ಲಿಯೂ ತುಕ್ಕಿನ ಸುಳಿವಿರಲಿಲ್ಲ.

"ಭಾನ್ವಾರದೊಳಗೆ ರೂಮ್ ಖಾಲಿ ಆಗ್ಬೇಕು ಕಣೇ," ಎಂದು ಗಂಡ ನಾಗಭೂಷಣ ಬೆಳಗ್ಗೆಯೇ ಹೇಳಿ ಹೋಗಿದ್ದ. "ಸೋಮ್ವಾರ ಗಾರೆಯೋರು ಬರ್ತಾರೆ." ಆ ಕೋಣೆಯನ್ನೇ ದೊಡ್ಡದು ಮಾಡಿ, ಪಕ್ಕದಲ್ಲಿ ಬಚ್ಚಲು ಕಟ್ಟಿಸಿ, ಇನ್ನೊಂದು ಬಾಡಿಗೆ ಮನೆ ಮಾಡುವ ಯೋಚನೆ ಅವನದು.

ಮಾವ ಲಕ್ಕಣ್ಣನವರದು ಬಾಗಲಗುಂಟೆಯ ಹಳೇ ಕುಳ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕಂತಸ್ತಿನ ಎರಡು ಕಟ್ಟಡ, ಹನ್ನೊಂದು ಬಾಡಿಗೆ ಮನೆ. ಬಾಡಿಗೆಯೆಲ್ಲ ಮಾವನ ಕೈಗೆ ಬಂದು ಅಲ್ಲಿಂದ ಗಂಡನ ಸಿಮೆಂಟ್ ಅಂಗಡಿಗೆ ಹೋಗುತ್ತಿತ್ತು. ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ, ನಿಜ. ಆದರೆ ಒಂದು ಚೂಡಿದಾರ ಬೇಕಾದರೂ ರಮ್ಯ ಬಾಯಿಬಿಟ್ಟು ಕೇಳಬೇಕಿತ್ತು. ಬಿ.ಕಾಂ. ಓದಿದವಳಿಗೆ ಅದು ಪ್ರತಿ ಸಲವೂ ಅವಮಾನವೆನಿಸುತ್ತಿತ್ತು. ಹಾಗಿರುವಾಗ ಮಗಳ ತೊಟ್ಟಿಲನ್ನು ಹರಾಜಿನ ಆ್ಯಪಿಗೆ ಹಾಕಿ ನೋಡಿದಳು. ಯಲಹಂಕದ ಒಬ್ಬಳು ಬಸುರಿ ಹೆಂಗಸು ಕಾರಿನಲ್ಲಿ ಬಂದು ಕೊಂಡು ಹೋದಳು. ಆ ದುಡ್ಡು ನೇರವಾಗಿ ರಮ್ಯಳ ಖಾತೆಗೆ ಬಂತು. ಅವತ್ತು ಆ ಮೆಸೇಜನ್ನು ಅವಳು ನಾಲ್ಕು ಸಲ ಓದಿದ್ದಳು.

ಎಲ್ಲ ಗಿರಾಕಿಗಳೂ ಆ ಬಸುರಿಯಂತಿರುವುದಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಫ್ಯಾನು ಗೆದ್ದವನು ದುಡ್ಡು ಹಾಕದೆ ಮಾಯವಾದ. ಮಂಚ ನೋಡಲು ಹೆಬ್ಬಾಳದಿಂದ ಬಂದ ಗಂಡಹೆಂಡತಿ ಅದರ ಮೇಲೆ ಕೂತು, ಎದ್ದು, ಮತ್ತೆ ಕೂತು, ಕಾಫಿ ಕುಡಿದು, "ಕಲರ್ ಸ್ವಲ್ಪ ಡಾರ್ಕ್ ಆಯ್ತು" ಎಂದು ಹೊರಟುಹೋದರು. ಮಿಕ್ಸಿ ಕೊಂಡವನು ವಾರದ ಮೇಲೆ ಜಾರಿನ ತಳದಲ್ಲಿ ಗೀರಿದೆ ಎಂದು ಫೋಟೋ ಕಳಿಸಿ ಅರ್ಧ ದುಡ್ಡು ವಾಪಸ್ ಕೇಳಿದ. ಕೊಡಲಿಲ್ಲವೆಂದು ಎರಡೇ ನಕ್ಷತ್ರ ಕೊಟ್ಟ. ಆ ಎರಡು ನಕ್ಷತ್ರಕ್ಕೆ ರಮ್ಯ ಒಂದು ರಾತ್ರಿ ಊಟ ಬಿಟ್ಟಿದ್ದಳು. ಆವತ್ತಿನಿಂದ ಅವಳೂ ವ್ಯಾಪಾರದ ಪಟ್ಟುಗಳನ್ನು ಕಲಿತಳು. ಗೀರು ಇದೆಯಾ ಎಂದು ಯಾರೇ ಕೇಳಲಿ, ಇಲ್ಲ ಎನ್ನುವುದು. ಗಂಡನ ಫೋನಿನಲ್ಲಿ 'ಎನ್‌ಬಿ ಟ್ರೇಡರ್ಸ್' ಎಂಬ ಇನ್ನೊಂದು ಖಾತೆ ತೆರೆದು, ಬಿಡ್ ನಿಂತ ನೀರಾದಾಗ ಅದರಿಂದ ಸ್ವಲ್ಪ ಕೂಗಿ ಏರಿಸುವುದು. ಎಲ್ಲರೂ ಮಾಡುತ್ತಾರೆ ಎಂದು ಅವಳ ತಿಳಿವಳಿಕೆ.

ಮನೆಯಲ್ಲಿ ಮಾರಬಹುದಾದದ್ದೆಲ್ಲ ಮುಗಿದ ಮೇಲೆ ಉಳಿದದ್ದು ಈ ಪೆಟ್ಟಿಗೆ.

ಇದು ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದ ಗಿರಿಯದು. ಮಧುಗಿರಿ ಕಡೆಯ ಹುಡುಗ, ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತಿನ ಮೇಲೆ ಕಬ್ಬಿಣ ಕಡೆಯುವ ಟರ್ನರ್. ತಂದೆಗೆ ಲಕ್ವ ಹೊಡೆದು ಕೆಲಸ ಬಿಟ್ಟು ಊರಿಗೆ ಹೊರಟಾಗ ಪಾತ್ರೆಪಗಡೆಯನ್ನು ಎರಡು ಗೋಣಿಚೀಲಕ್ಕೆ ತುಂಬಿ ಬಸ್ಸಿಗೆ ಹಾಕಿದ್ದ. ಈ ಪೆಟ್ಟಿಗೆಯನ್ನು ಮಾತ್ರ ಹೆಗಲ ಮೇಲಿಟ್ಟುಕೊಂಡು ರಮ್ಯಳ ಬಾಗಿಲಿಗೆ ತಂದಿದ್ದ. "ಅಕ್ಕ, ಊರಲ್ಲಿ ಇದುಕ್ಕೇನೂ ಕೆಲ್ಸ ಇಲ್ಲ. ನಿಮ್ಮನೇಲಿರ್ಲಿ, ನಾನ್ ಬಂದು ತಗೊಂಡೋಗ್ತೀನಿ," ಎಂದಿದ್ದ. "ಇರ್ಲಿ ಬಿಡು ಗಿರಿ, ಏನ್ ಅನ್ನ ಕೇಳುತ್ತಾ ಅದು," ಎಂದು ರಮ್ಯಳೇ ನಕ್ಕು ಒಳಗಿಡಿಸಿಕೊಂಡಿದ್ದಳು.

ಎರಡು ವರ್ಷ. ಇವಳು ಎರಡು ಸಲ ಫೋನ್ ಮಾಡಿದಾಗಲೂ ನಂಬರು ಬಂದ್ ಆಗಿತ್ತು. ಇಷ್ಟನ್ನೇ ಅವಳು ಗಂಡನಿಗೆ ಹೇಳಿದ್ದು. ಹೇಳದೆ ಉಳಿದದ್ದು ಇನ್ನೊಂದಿತ್ತು. ಹೋದ ವರ್ಷ ಶಿವರಾತ್ರಿಗೆ ಅವಳು ನೆಲಮಂಗಲದ ತವರಿಗೆ ಹೋಗಿದ್ದಾಗ ಗಿರಿ ಬಂದಿದ್ದ. ಅತ್ತೆ ಗಂಗರತ್ನಮ್ಮನಿಗೆ ಪೆಟ್ಟಿಗೆಯ ಸಂಗತಿ ಗೊತ್ತಿರಲಿಲ್ಲ. "ಸೊಸೆ ಬರ್ಲಿ, ಕೇಳಿ ಯೋಳ್ತೀನಿ," ಎಂದು ಹೊಸ ನಂಬರನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆಸಿಕೊಂಡಿದ್ದರು. ರಮ್ಯ ಬಂದ ದಿನವೇ ಅದನ್ನು ತೋರಿಸಿಯೂ ಇದ್ದರು. ಮಾಡಿದರಾಯಿತು ಎಂದುಕೊಂಡಳು. ನಾಳೆ, ನಾಡಿದ್ದು. ತಿಂಗಳು ಮುಗಿದು ಹಾಳೆ ಮಗುಚಿತು. ಬೇಕಾದವನು ತಾನೇ ಬರುತ್ತಾನೆ ಎಂದು ಸುಮ್ಮನಾದಳು. ಸುಮ್ಮನಾದದ್ದು ಅಭ್ಯಾಸವಾಗಿ, ಅವನು ಬಂದೇ ಇರಲಿಲ್ಲವೇನೋ ಎನ್ನುವಷ್ಟು ದೂರ ಸರಿದಿತ್ತು.

ಆ ಮಧ್ಯಾಹ್ನ ಏಳು ಫೋಟೋ ತೆಗೆದು, 'ಟರ್ನರ್ ಟೂಲ್ ಸೆಟ್, ಮನೆಯವರದು, ನೀಟ್ ಕಂಡೀಶನ್' ಎಂದು ಬರೆದು ಆ್ಯಪಿಗೆ ಏರಿಸಿದಳು. 'ಮನೆಯವರದು' ಎಂದು ಟೈಪಿಸುವಾಗ ಬೆರಳು ಒಂದು ಕ್ಷಣ ನಿಂತಿತು. ಬರೆಯದಿದ್ದರೆ ಕದ್ದ ಮಾಲು ಎಂದುಕೊಳ್ಳುತ್ತಾರೆ ಎಂದು ತಾನೇ ಉತ್ತರ ಹೇಳಿಕೊಂಡಳು.

ಪೀಣ್ಯ ಹತ್ತಿರವೇ ಇರುವುದರಿಂದಲೋ ಏನೋ, ಈ ಸಲ ಜನ ಮುಗಿಬಿದ್ದರು. ಎರಡು ಸಾವಿರಕ್ಕೆ ಶುರುವಾದದ್ದು ಎರಡನೇ ದಿನಕ್ಕೆ ನಾಲ್ಕು ದಾಟಿತು. ಆಮೇಲೆ ಒಬ್ಬೊಬ್ಬರೇ ಹಿಂದೆ ಸರಿದು 'ಟರ್ನರ್92' ಎಂಬ ಒಬ್ಬ ಮಾತ್ರ ಉಳಿದ. ಶುಕ್ರವಾರ ಅವನಿಂದ ಒಂದು ಪ್ರಶ್ನೆ ಬಂತು: "ಮೇಡಂ, ಮೈಕ್ರೋಮೀಟರ್ ಫ್ರೇಮ್ ಹಿಂದುಗಡೆ ಒಂದು ಸಣ್ಣ ಗೀರು ಇದ್ಯಾ? ನೋಡಿ ಹೇಳ್ತೀರಾ."

ರಮ್ಯ ಅನ್ನಕ್ಕೆ ಇಟ್ಟು ಸೊಪ್ಪು ಬಿಡಿಸುತ್ತಿದ್ದಳು. ಶುರು ಮಾಡಿದನಪ್ಪಾ, ಇನ್ನು ಗೀರಿಗೆ ಐನೂರು ಕಡಿಮೆ ಮಾಡಿ ಎನ್ನುತ್ತಾನೆ ಎಂದುಕೊಂಡಳು. ಮೇಲೆ ಹೋಗಿ ನೋಡಲಿಲ್ಲ. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, "ಯಾವ ಗೀರೂ ಇಲ್ಲ. ಹೊಸದರ ಥರ ಇದೆ," ಎಂದು ಬರೆದಳು.

ಆಮೇಲೆ, "ಓಕೆ ಮೇಡಂ. ಥ್ಯಾಂಕ್ಸ್," ಎಂದು ಬಂತು. ಅದರ ಹಿಂದೆಯೇ ಇನ್ನೂರು ರೂಪಾಯಿ ಏರಿಸಿದ ಬಿಡ್ಡೂ ಬಂತು. ಗೀರಿಲ್ಲದ ಮಾಲು ಬೇಕಾದವನು, ಇನ್ನೂ ಕೊಡುತ್ತಾನೆ ಎನಿಸಿತು. ಶನಿವಾರ ಮೂರು ಗಂಟೆಗೆ ಹರಾಜು ಮುಗಿಯುವ ಮೊದಲು ಊಟಕ್ಕೆ ಬಂದಿದ್ದ ಗಂಡನ ಫೋನು ಇಸಿದುಕೊಂಡು ಎನ್‌ಬಿ ಟ್ರೇಡರ್ಸ್ ಹೆಸರಿನಲ್ಲಿ ಆರು ಸಲ ಕೂಗಿದಳು. ಆರು ಸಲವೂ ಅವನು ಬಿಡಲಿಲ್ಲ. ಏಳು ಸಾವಿರದ ನಾನೂರಕ್ಕೆ ನಿಂತಿತು. ಐದೇ ನಿಮಿಷದಲ್ಲಿ ದುಡ್ಡೂ ಹಾಕಿದ. ದುಡ್ಡು ಬಂದ ಮೇಲೆಯೇ ಮಾರಿದವರ ವಿಳಾಸ ಕೊಂಡವರಿಗೂ, ಕೊಂಡವರ ಹೆಸರು ಮಾರಿದವರಿಗೂ ಕಾಣುವುದು.

ಗಿರಿ ಎಸ್., ಟಿ. ದಾಸರಹಳ್ಳಿ.

ಊರಿನಲ್ಲಿ ಎಷ್ಟು ಜನ ಗಿರಿಗಳಿರುವುದಿಲ್ಲ ಎಂದುಕೊಳ್ಳುವಷ್ಟರಲ್ಲೇ ಮೆಸೇಜು ಬಂತು: "ಅಕ್ಕ!! ಇದು ನಿಮ್ಮನೇನಾ? ನಾನು ಗಿರಿ, ಥರ್ಡ್ ಫ್ಲೋರ್. ನಾಳೆ ಮಧ್ಯಾಹ್ನ ಬರ್ತೀನಿ." ಕೊನೆಯಲ್ಲಿ ಎರಡು ಕೈಮುಗಿದ ಚಿತ್ರ.

ರಮ್ಯ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತುಬಿಟ್ಟಳು. ಸಂಜೆ ನಾಗಭೂಷಣ ಬಂದಾಗ, ಶಿವರಾತ್ರಿಯ ಸಂಗತಿಯನ್ನು ಬಿಟ್ಟು, ಉಳಿದದ್ದನ್ನು ಹೇಳಿದಳು. ಅವನು ಗಟ್ಟಿಯಾಗಿ ನಕ್ಕ.

"ಅವ್ನೇ ತಗೊಂಡ್ನಾ? ಒಳ್ಳೇದೇ ಆಯ್ತಲ್ಲ ಬಿಡೇ. ಮಾಲು ಮಾಲೀಕನ್ನೇ ಸೇರ್ತು."

"ಅವನ್ದೇ ವಸ್ತುನ ಅವನಿಗೇ ಮಾರಿದ್ದೀನಿ ರೀ ನಾನು."

"ಎರಡು ವರ್ಷ ಜಾಗ ಕೊಟ್ಟಿಲ್ವಾ? ಅದರ ಬಾಡಿಗೆ ಅನ್ಕೋ," ಎಂದು ಅವನು ಟಿ.ವಿ. ಹಾಕಿದ.

ಬೇರೆಯವರ ಬಾಯಲ್ಲಿ ಕೇಳಿದ್ದರೆ ಅವಳಿಗೂ ಅದು ತಮಾಷೆಯಾಗಿ ಕಾಣುತ್ತಿತ್ತೇನೋ.

ಭಾನುವಾರ ಹನ್ನೆರಡೂವರೆಗೆ ಗಿರಿ ಬಂದ. ಕೆಳಗಿನ ಮನೆಯಲ್ಲಿ ಅತ್ತೆ ಕೋಳಿ ಸಾರಿಗೆ ಮಸಾಲೆ ಅರೆಯುತ್ತಿದ್ದ ಸದ್ದು ಮೆಟ್ಟಿಲವರೆಗೂ ಬರುತ್ತಿತ್ತು. ನಾಗಭೂಷಣ ಬೇಕೆಂದೇ ಅಂಗಡಿಗೆ ಹೋಗಿದ್ದ. ಗಿರಿ ಮೊದಲಿಗಿಂತ ಬಡಕಲಾಗಿದ್ದ, ಕಿವಿಯ ಹತ್ತಿರ ಒಂದೆರಡು ಬಿಳಿಗೂದಲು. ಚಪ್ಪಲಿಯನ್ನು ಮೆಟ್ಟಿಲ ಪಕ್ಕ ಜೋಡಿಸಿಟ್ಟು ಒಳಗೆ ಬಂದು ಸೋಫಾದ ತುದಿಯಲ್ಲಿ ಕೂತ.

"ಅಡ್ರೆಸ್ ನೋಡಿ ನಗೂನೇ ಬಂತು ಅಕ್ಕ," ಎಂದ. "ನಾನು ಬೆಂಗ್ಳೂರ್ಗೆ ಬಂದು ಒಂದ್ ತಿಂಗ್ಳಾಯ್ತು. ದಾಸರಹಳ್ಳೀಲೇ ಒಂದ್ ಕಡೆ ಸೇರ್ಕೊಂಡಿದೀನಿ. ಶಿಫ್ಟು, ಓಟಿ ಅಂತ ಈ ಕಡೆ ಬರಾಕೇ ಆಗ್ಲಿಲ್ಲ."

"ತಂದೆಯವರು ಹೇಗಿದ್ದಾರೆ?"

"ಹೋದ್ರಕ್ಕ. ಆಷಾಢದಲ್ಲಿ." ಅಷ್ಟನ್ನೇ ಹೇಳಿ, ತಾನೇ ಮಾತು ತಿರುಗಿಸಿದ. "ಆಮೇಲೆ ತಮ್ಮನ್ನೂ ಕರ್ಕೊಂಡ್ ಬಂದೆ. ಐಟಿಐ ಮುಗಿಸವ್ನೆ. ಅವನಿಗೂ ಒಂದು ಸೆಟ್ ಬೇಕಲ್ಲ ಅಂತ ಆ್ಯಪಲ್ಲಿ ಹುಡುಕ್ತಾ ಇದ್ದೆ. ಇದು ಕಾಣಿಸ್ತು. ಫೋಟೋ ನೋಡಿದ್ರೆ ಥೇಟ್ ನನ್ದೇ ಅನ್ನಂಗಿತ್ತು. ಅದುಕ್ಕೇ ಗೀರು ಐತಾ ಅಂತ ಕೇಳಿದ್ದು. ನೀವು ಅಂತ ಗೊತ್ತಿರ್ಲಿಲ್ವಲ್ಲ."

ರಮ್ಯ ಕೈಚಾಚಿ ಫ್ಯಾನಿನ ಸ್ವಿಚ್ ಒತ್ತಿದಳು. ಅವನಿಗೆ ಮಾತ್ರ ಹುರುಪು.

"ನನ್ದುಕ್ಕೆ ಗೀರು ಬಿದ್ದಿದ್ದು ಹೆಂಗೆ ಗೊತ್ತಾ ಅಕ್ಕ? ಕೆಲ್ಸಕ್ಕೆ ಸೇರಿದ ಹೊಸ್ದರಲ್ಲಿ ಕೆಳಗೆ ಬೀಳಿಸ್ಬಿಟ್ಟಿದ್ದೆ. ಹಬೀಬುಲ್ಲಾ ಅಂತ ಫೋರ್‌ಮನ್ನು, ಬೈಲಿಲ್ಲ ಹೊಡೀಲಿಲ್ಲ, ಅದ್ನ ಇಸ್ಕೊಂಡು ಸೂಜಿ ಥರದ್ದರಲ್ಲಿ ಹಿಂದ್ಗಡೆ ಒಂದು ಗೆರೆ ಎಳ್ದು ಕೊಟ್ರು. ಇನ್ನೊಂದು ಬೀಳ್ದಂಗೆ ನೋಡ್ಕೋ ಅಂದ್ರು. ಹನ್ನೊಂದು ವರ್ಷ, ಇನ್ನೊಂದು ಬೀಳ್ಲಿಲ್ಲ." ನಕ್ಕ. "ನೀವು ಗೀರಿಲ್ಲ ಅಂದ್ಮೇಲೆ, ಸರಿ, ಇದು ಬೇರೆದು, ನನ್ದು ಹೆಂಗೂ ಅಕ್ಕನ ಹತ್ರ ಭದ್ರವಾಗೈತೆ, ಇದು ತಮ್ಮನಿಗಾಯ್ತು ಅಂತ ಹಾಕಿದ್ದು. ಅವನ್ಯಾವನೋ ಎನ್‌ಬಿ ಟ್ರೇಡರ್ಸ್ ಅಂತ, ಬಿಡ್ತಾನೇ ಇರ್ಲಿಲ್ಲ ಅಕ್ಕ. ಗುಜರಿ ಪಾರ್ಟಿ ಇರ್ಬೇಕು. ಕೊನೇಗೂ ಸೋಲಿಸ್ದೆ."

"ಕಾಫಿ ತರ್ತೀನಿ," ಎಂದು ರಮ್ಯ ಎದ್ದಳು.

"ಕಾಫಿ ಬ್ಯಾಡ. ಬಿಸಿಲು. ಪೆಟ್ಟಿಗೆ ಕೊಟ್ಬಿಡಿ, ಹೊರಡ್ತೀನಿ. ಹಂಗೇ ನನ್ದೂ ಕೊಟ್ಬಿಡಿ ಅಕ್ಕ. ಕೆಳಗೆ ಆಟೋ ನಿಲ್ಸಿದೀನಿ, ಎರಡೂ ಒಟ್ಟಿಗೇ ತಗೊಂಡೋಗ್ತೀನಿ."

ಎರಡೂ.

"ಇರು," ಎಂದು ಅವಳು ತಾರಸಿಗೆ ಹತ್ತಿದಳು. ಕೋಣೆ ಆಗಲೇ ಬರಿದಾಗಿತ್ತು. ನೆಲದ ನಡುವೆ ಪೆಟ್ಟಿಗೆ ಒಂದೇ ಕೂತಿತ್ತು. ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಅಲ್ಲಿ ಅವಳ ಮನಸ್ಸು ಎಷ್ಟು ಬೇಗ ಕೆಲಸ ಮಾಡಿತೆಂದರೆ, ಆಮೇಲೆ ಅದನ್ನು ನೆನೆದಾಗಲೆಲ್ಲ ಅವಳಿಗೆ ಮೈ ಮುದುಡುತ್ತಿತ್ತು. ಇದು ನಮ್ಮ ಮನೆಯವರ ಸ್ನೇಹಿತರದು ಎನ್ನಬಹುದು. ನಿನ್ನದನ್ನು ಗಾರೆಯವರು ಎತ್ತಿಕೊಂಡು ಹೋದರು, ಎಷ್ಟು ಹುಡುಕಿದೆವು ಗೊತ್ತಾ ಎನ್ನಬಹುದು. ಅವನು ನಂಬುತ್ತಾನೆ. ಅಯ್ಯೋ ಪರವಾಗಿಲ್ಲ ಬಿಡಿ ಅಕ್ಕ ಎಂದೂ ಎನ್ನುತ್ತಾನೆ. ಡಬ್ಬಿ ತೆರೆದು ಮೈಕ್ರೋಮೀಟರನ್ನು ಮಗುಚಿ ನೋಡಿದಳು. ಉಗುರಿನಷ್ಟು ಉದ್ದದ, ಕೂದಲಿನಷ್ಟು ತೆಳ್ಳನೆಯ ಒಂದು ಗೆರೆ. ಪೆಟ್ಟಿಗೆಯ ಬದಿಯಲ್ಲಿ ಜಿ, ಎಸ್. ಮೂಲೆಯಲ್ಲಿ ಪೈಂಟರು ಬಿಟ್ಟುಹೋದ, ಉಜ್ಜಿದರೆ ಗೆರೆಗಳನ್ನು ಅಳಿಸಿಬಿಡುವ ಉಪ್ಪುಕಾಗದದ ಚೂರೊಂದು ಬಿದ್ದಿತ್ತು. ಅದರ ಕಡೆಗೂ ಅವಳ ಕಣ್ಣು ಹೋಯಿತು. ಹೋದದ್ದು ಅವಳಿಗೆ ಗೊತ್ತಾಯಿತು.

ಕೆಳಗೆ ಆಟೋದವನು ಹಾರ್ನ್ ಮಾಡಿದ.

ಪೆಟ್ಟಿಗೆ ಎತ್ತಿದಳು. ಹದಿನೆಂಟು ಕೇಜಿಯಾದರೂ ಇದ್ದೀತು. ಒಂದೊಂದೇ ಮೆಟ್ಟಿಲಿಗೆ ಕಾಲು ಊರಿ ಇಳಿದು, ಅಕ್ಷರಗಳಿದ್ದ ಬದಿ ಅವನ ಕಡೆಗಿರುವಂತೆ ಟೀಪಾಯಿಯ ಮೇಲೆ ಇಟ್ಟಳು.

"ಹೇಳಿದ್ರೆ ನಾನೇ ಎತ್ಕೊಂಡ್ ಬರ್ತಿದ್ನಲ್ಲ," ಎನ್ನುತ್ತ ಎದ್ದ ಗಿರಿ ಅಕ್ಷರಗಳನ್ನು ನೋಡಿದ. ಮುಖ ಅರಳಿತು. "ಇದು ನನ್ದು. ಇನ್ನೊಂದು?"

"ಇನ್ನೊಂದಿಲ್ಲ ಗಿರಿ. ಇರೋದು ಒಂದೇ."

ಅವನಿಗೆ ಒಮ್ಮೆಗೇ ಅರ್ಥವಾಗಲಿಲ್ಲ. ನಗು ಇನ್ನೂ ಮುಖದ ಮೇಲೆಯೇ ಇತ್ತು. ಮುಚ್ಚಳ ತೆಗೆದು, ಮರದ ಡಬ್ಬಿ ತೆಗೆದು, ಮೈಕ್ರೋಮೀಟರನ್ನು ಮಗುಚಿ ಕಿಟಕಿಯ ಬೆಳಕಿಗೆ ಹಿಡಿದ. ಹೆಬ್ಬೆರಳನ್ನು ಗೆರೆಯ ಮೇಲೆ ಒಮ್ಮೆ ಆಡಿಸಿದ. ಆಮೇಲೆ ಡಬ್ಬಿಯನ್ನು ಮುಚ್ಚಿದ.

"ಗೀರಿಲ್ಲ ಅಂದಿದ್ರಲ್ಲ," ಎಂದ. ಜಗಳದ ದನಿಯಲ್ಲ. ಅಳತೆ ಎಲ್ಲಿ ತಪ್ಪಿತು ಎಂದು ಕೇಳುವವನಂತೆ.

"ನೋಡ್ಲೇ ಇಲ್ಲ. ನೋಡ್ದೇನೇ ಬರ್ದೆ."

"ಶಿವರಾತ್ರೀಲಿ ಬಂದಿದ್ದೆ ನಾನು. ಅಮ್ಮ ಹೇಳ್ಲಿಲ್ವಾ?"

ಇಲ್ಲ ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ಅತ್ತೆಯ ಮರೆವಿನ ಮೇಲೆ ಹಾಕಿದರೆ ಯಾರೂ ಕೇಳುವವರಿರಲಿಲ್ಲ. "ಹೇಳಿದ್ರು," ಎಂದಳು ರಮ್ಯ. "ನಂಬರ್ರೂ ಇತ್ತು. ನಾನೇ ಮಾಡ್ಲಿಲ್ಲ."

ಗಿರಿ ತಲೆಯಾಡಿಸಿದ. ಅವಳು ಫೋನು ತೆಗೆದು, "ದುಡ್ಡು ಈಗ್ಲೇ ವಾಪಸ್ ಹಾಕ್ತೀನಿ," ಎಂದು ವ್ಯಾಪಾರ ರದ್ದು ಮಾಡುವ ಜಾಗವನ್ನು ಒತ್ತಿದಳು. ಆ್ಯಪು ಕಾರಣ ಕೇಳಿತು. ವಸ್ತು ಕೆಟ್ಟಿದೆ, ವಸ್ತು ಕಳೆದಿದೆ, ಕೊಂಡವರು ಬರಲಿಲ್ಲ, ಮಾರಲು ಈಗ ಮನಸ್ಸಿಲ್ಲ. ಅವಳ ಬೆರಳು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಎರಡು ಸಲ ಓಡಾಡಿ ಕೊನೆಯದರ ಮೇಲೆ ನಿಂತಿತು. ಅವನ ಫೋನು ಟಿಣ್ ಎಂದಿತು. ಅವನು ತೆಗೆದು ನೋಡಿ ಜೇಬಿಗೆ ಹಾಕಿಕೊಂಡ. ಬೇಡ ಎನ್ನಲಿಲ್ಲ, ಪರವಾಗಿಲ್ಲ ಎನ್ನಲಿಲ್ಲ. ಎಂದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಆಸೆಪಟ್ಟದ್ದಕ್ಕೆ ಅವಳಿಗೆ ಇನ್ನಷ್ಟು ನಾಚಿಕೆಯಾಯಿತು. ಎನ್‌ಬಿ ಟ್ರೇಡರ್ಸ್ ಯಾರೆಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಪೆಟ್ಟಿಗೆಯನ್ನು ಹೆಗಲಿಗೇರಿಸಿ ಬಾಗಿಲು ದಾಟಿದ್ದ. ಆ ಮಾತು ಅವಳ ಹತ್ತಿರವೇ ಉಳಿಯಿತು.

ಮೆಟ್ಟಿಲ ಬುಡದಲ್ಲಿ ಗಂಗರತ್ನಮ್ಮ ಅಡ್ಡ ನಿಂತಿದ್ದರು. ಕೈಯೆಲ್ಲ ಮಸಾಲೆ.

"ಯಾರದು, ಗಿರಿ ಅಲ್ವೇನೋ? ಒಸಿ ತಡಿ. ಏನ್ ಇಂಗೆ ಸೊರಗ್ ಓಗಿದ್ದೀಯ? ನಿನ್ ಪೆಟ್ಗೆ ಸಿಕ್ತಾ?"

ಮೇಲಿನ ಮೆಟ್ಟಿಲಲ್ಲಿ ರಮ್ಯ ಕಂಬಿ ಹಿಡಿದು ನಿಂತಳು.

"ಸಿಕ್ತಮ್ಮ," ಎಂದ ಗಿರಿ.

"ನೋಡು, ನಾ ಅವತ್ತೇ ಯೋಳಿರ್ಲಿಲ್ವಾ, ನಮ್ ಸೊಸೆ ಕೈಲಿ ಕೊಟ್ಟಿದ್ ಎಲ್ಲೂ ಓಗಲ್ಲ ಅಂತ. ಈಗ ನಡಿ, ಊಟ ಮಾಡ್ಕಂಡ್ ಓಗು."

"ಬ್ಯಾಡಮ್ಮ, ಆಟೋ ನಿಂತೈತೆ."

"ಆಟೋದವನೂ ಉಣ್ಲಿ, ಕರಿ ಅವನ್ನ. ಊಟದ ಒತ್ನಾಗೆ ಬಂದೋರ್ನ ಬರೀ ಒಟ್ಟೇಲಿ ಕಳ್ಸಾಕಾಯ್ತದಾ? ರಮ್ಯಾ, ಬಾರವ್ವ, ತಟ್ಟೆ ಇಕ್ಕು."

ಗಿರಿ ಇನ್ನೂ ಎರಡು ಸಲ ಬೇಡವೆಂದ. ಗಂಗರತ್ನಮ್ಮ ಅವನ ತಂದೆಯ ವಿಷಯ ಕೇಳಿದರು, ಕೇಳಿ ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡರು. ಆಮೇಲೆ ಅವನಿಗೆ ಬೇಡ ಎನ್ನಲಾಗಲಿಲ್ಲ. ಆಟೋದವನನ್ನು ಕಳಿಸಿಬಂದು, ಪೆಟ್ಟಿಗೆಯನ್ನು ಹೊಸ್ತಿಲ ಒಳಗೆ, ತನಗೆ ಕಾಣುವ ಹಾಗೆ ಇಟ್ಟು, ಕೈಕಾಲು ತೊಳೆದು ಚಾಪೆಯ ಮೇಲೆ ಕೂತ.

ರಮ್ಯ ಮುದ್ದೆ ಕಟ್ಟಿ ತಟ್ಟೆಗೆ ಇಟ್ಟಳು. ಸಾರು ಬಡಿಸಿದಳು. ಅವನು ತಲೆ ತಗ್ಗಿಸಿ ಉಣ್ಣತೊಡಗಿದ. ಮುದ್ದೆ ಮುರಿದು, ಅದ್ದಿ, ನುಂಗಿ, ಮತ್ತೆ ಮುರಿದು. ಹಸಿದವನ ಊಟವೇ. ಅತ್ತೆ ಎದುರಿಗೆ ಕಾಲು ಚಾಚಿ ಕೂತು, ಮದುವೆ ಮಾಡಿಕೊಳ್ಳಲ್ವೇನೋ, ಹೆಣ್ಣು ನೋಡಲೇನೋ ಎಂದೆಲ್ಲ ಕೇಳುತ್ತಿದ್ದರು. ಅವನು ಹೂಂ, ಉಹೂಂ ಎನ್ನುತ್ತಿದ್ದ.

"ಇನ್ನೊಂದೆರಡು ತುಂಡು ಆಕವ್ವ ಅವನಿಗೆ," ಎಂದರು ಗಂಗರತ್ನಮ್ಮ.

ರಮ್ಯ ಒಳಗೆ ಹೋಗಿ, ಪಾತ್ರೆಯ ತಳ ಕೆದಕಿ, ಒಳ್ಳೆಯ ತುಂಡುಗಳನ್ನೇ ಆರಿಸಿ ಸೌಟಿನಲ್ಲಿ ತುಂಬಿಕೊಂಡು ಬಂದು ಅವನ ಮುಂದೆ ಬಗ್ಗಿದಳು.

ಗಿರಿ ಎಡಗೈಯನ್ನು ತಟ್ಟೆಯ ಮೇಲೆ ಅಡ್ಡ ಹಿಡಿದ.

"ಸಾಕು," ಎಂದ.

"ನಾಚ್ಕೋತಾನೆ, ಆಕು ಆಕು," ಎಂದು ಅತ್ತೆ ನಕ್ಕರು.

ರಮ್ಯ ಬಗ್ಗಿಯೇ ನಿಂತಿದ್ದಳು. ಬೆರಳುಗಳನ್ನು ಒತ್ತಿ ಜೋಡಿಸಿದ ಆ ಕೈ ಅಲ್ಲಾಡಲಿಲ್ಲ. ಸೌಟಿನ ಅಂಚಿನಿಂದ ಸಾರು ತೊಟ್ಟು ತೊಟ್ಟಾಗಿ ಅವನ ಹಿಂಗೈ ಮೇಲೆ ಬೀಳುತ್ತಿತ್ತು.